ಹೆಜ್ಜಾರ್ಲೆಯೋ, ಚಪ್ಪಲಿಯೋ?

ಮಕ್ಕಳೇ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹೆಸರನ್ನು ನೀವು ಕೇಳಿರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಬೆಳಗಿನ ಹೊತ್ತು ಏರಿಯ ಮೇಲೆ ನಡೆದರೆ, ನೀರಿನಲ್ಲಿ ಪುಟ್ಟ ದೋಣಿಗಳಂತೆ ತೇಲುವ ದೊಡ್ಡ ಹಕ್ಕಿಗಳು ಕಾಣಿಸುತ್ತವೆ. ಅವು ಹೆಜ್ಜಾರ್ಲೆಗಳು. ಉದ್ದನೆಯ ಕೊಕ್ಕು, ಕೊಕ್ಕಿನ ಕೆಳಗೆ ಜೋತುಬಿದ್ದ ಚರ್ಮದ ಚೀಲ. ಮೀನು ಕಂಡರೆ ಹಕ್ಕಿ ಈ ಚೀಲವನ್ನು ಬಲೆಯಂತೆ ಅಗಲಿಸಿ ನೀರನ್ನೂ ಮೀನನ್ನೂ ಒಟ್ಟಿಗೆ ಬಾಚಿಕೊಳ್ಳುತ್ತದೆ. ಆಮೇಲೆ ನೀರನ್ನು ಹೊರಗೆ ಬಿಟ್ಟು ಮೀನನ್ನಷ್ಟೇ ನುಂಗುತ್ತದೆ.

ನಮ್ಮ ಶಾಲೆಯಿಂದ ಈ ಕೆರೆಗೆ ನಡೆದೇ ಹೋಗಬಹುದು. ಏಳನೇ ತರಗತಿಯ ಮೂವರು ಈ ಹಕ್ಕಿಯನ್ನೇ ನಾಯಕನನ್ನಾಗಿ ಮಾಡಿ ಒಂದು ವಿಡಿಯೋ ಆಟ ತಯಾರಿಸಿದರು. ಶಾಲೆಯಲ್ಲಿದ್ದ ಒಂದೇ ಒಂದು ಕಂಪ್ಯೂಟರಿನಲ್ಲಿ, ‘ಸ್ಕ್ರ್ಯಾಚ್’ ಎಂಬ ತಂತ್ರಾಂಶದ ನೆರವಿನಿಂದ. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 2007ರಲ್ಲಿ ಮಕ್ಕಳಿಗಾಗಿಯೇ ಹೊರತಂದ, ದುಡ್ಡು ಕೊಡದೆ ಬಳಸಬಹುದಾದ ತಂತ್ರಾಂಶ ಅದು. ಇಟ್ಟಿಗೆ ಜೋಡಿಸಿದಂತೆ ಆದೇಶಗಳನ್ನು ಒಂದರ ಕೆಳಗೊಂದು ಜೋಡಿಸುತ್ತ ಹೋದರೆ ಪರದೆಯ ಮೇಲಿನ ಚಿತ್ರ ಓಡುತ್ತದೆ, ಹಾರುತ್ತದೆ. ಆಟಕ್ಕೆ ಅವರು ಇಟ್ಟ ಹೆಸರು ‘ಕೆರೆ ಕಾವಲು’. ಹೆಜ್ಜಾರ್ಲೆ ಮೀನು ಹಿಡಿದರೆ ಒಂದು ಅಂಕ. ಪ್ಲಾಸ್ಟಿಕ್ ಚೀಲ ನುಂಗಿದರೆ ಮೂರು ಅಂಕ ಖೋತಾ!

ಆಟ ಸಿದ್ಧವಾಯಿತು. ಕ್ಲಸ್ಟರ್ ಮಟ್ಟದ ವಿಜ್ಞಾನ ಮೇಳಕ್ಕೆ ಕೊಂಡೊಯ್ಯಬೇಕು. ಬೇರೆ ಬೇರೆ ಶಾಲೆಗಳ ಆಟಗಳೆಲ್ಲ ಒಂದೇ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಚಿತ್ರಗಳಾಗಿ ಸಾಲಾಗಿ ನಿಂತಿರುತ್ತವೆ. ಬಂದವರು ಆ ಚಿತ್ರ ನೋಡಿ ಯಾವುದನ್ನು ಆಡಬೇಕೆಂದು ನಿರ್ಧರಿಸುತ್ತಾರೆ. ಇಂಥ ಚಿತ್ರವನ್ನೇ ಲಾಂಛನ ಅಥವಾ ಲೋಗೋ ಎನ್ನುವುದು. ಕರ್ನಾಟಕದ ಸರ್ಕಾರಿ ಬಸ್ಸಿನ ಮೇಲೆ ಎರಡು ತಲೆಯ ಗಂಡಭೇರುಂಡ ಇರುತ್ತದಲ್ಲ? ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭ ಇರುತ್ತದಲ್ಲ? ಅಕ್ಷರ ಓದುವ ಮೊದಲೇ ಅದು ಯಾವುದೆಂದು ನಿಮಗೆ ತಿಳಿದುಬಿಡುತ್ತದೆ. ಲಾಂಛನದ ಕೆಲಸ ಅಷ್ಟೇ.

ಮೂವರಲ್ಲಿ ಚಿತ್ರ ಚೆನ್ನಾಗಿ ಬರೆಯುವ ಹುಡುಗಿಯೊಬ್ಬಳಿದ್ದಳು. ಎರಡು ಸಂಜೆ ಕೂತು ಹೆಜ್ಜಾರ್ಲೆಯ ತಲೆ, ಕೊಕ್ಕು, ಕೊಕ್ಕಿನೊಳಗೆ ಪ್ಲಾಸ್ಟಿಕ್ ಚೀಲ, ಹಿಂದೆ ಕೆರೆಯ ಅಲೆ, ದಡದ ಮರ ಎಲ್ಲ ಬರೆದು ತಂದಳು. ನನಗಂತೂ ಬಹಳ ಹಿಡಿಸಿತು. ಅಷ್ಟರಲ್ಲಿ ಹಾಜರಿ ಪುಸ್ತಕ ಒಯ್ಯಲು ಬಂದ ನಾಲ್ಕನೇ ತರಗತಿಯ ಹುಡುಗ ಬಗ್ಗಿ ನೋಡಿ, “ಯಾರ ಚಪ್ಪಲಿ ಸಾರ್ ಇದು?” ಎಂದ. ಬಿಸಿಯೂಟದ ಅಮ್ಮನಿಗೆ ತೋರಿಸಿದೆವು. ಆಕೆ ಕೈ ಒರೆಸಿಕೊಂಡು ಹಾಳೆಯನ್ನು ದೂರ ಹಿಡಿದು, “ಕೊಳಾಯಿ ಅಲ್ವಾ ಸಾರ್? ನೀರು ಬೀಳ್ತಾ ಇದೆ” ಎಂದರು.

ಹುಡುಗಿಯ ಕಣ್ಣಲ್ಲಿ ನೀರು. “ಅವ್ರಿಗೆ ನೋಡೋಕ್ ಬರಲ್ಲ ಸಾರ್” ಎಂದಳು. ನಿಜ ಹೇಳುತ್ತೇನೆ, ನನಗೂ ಮೊದಲು ಹಾಗೆಯೇ ಅನಿಸಿತು.

ಮೇಜು ತಟ್ಟಿ ನೋಡಿ

ಮುಂದೆ ಓದುವ ಮೊದಲು ಒಂದು ಪ್ರಯೋಗ ಮಾಡಿ. ಪಕ್ಕದಲ್ಲಿ ಗೆಳೆಯನೊಬ್ಬನನ್ನು ಕೂರಿಸಿಕೊಳ್ಳಿ. ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಅದರ ತಾಳವನ್ನು ಮಾತ್ರ ಬೆರಳಿನಿಂದ ಮೇಜಿನ ಮೇಲೆ ತಟ್ಟಿ. ತುಟಿ ಅಲುಗಿಸಬಾರದು. ಅದು ಯಾವ ಹಾಡೆಂದು ಅವನು ಹೇಳಬೇಕು. ತಟ್ಟುವ ಮೊದಲು, ಅವನು ಹೇಳಿಯಾನೇ ಇಲ್ಲವೇ ಎಂದು ನಿಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ.

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಇದೇ ಪ್ರಯೋಗ ಮಾಡಿದರು. ಒಟ್ಟು 120 ಹಾಡುಗಳನ್ನು ತಟ್ಟಿಸಿದರು. ಕೇಳಿದವರಲ್ಲಿ ಅರ್ಧದಷ್ಟು ಮಂದಿಯಾದರೂ ಸರಿಯಾಗಿ ಹೇಳುತ್ತಾರೆ ಎಂದು ತಟ್ಟಿದವರು ನಂಬಿದ್ದರು. ಆದರೆ ಸರಿಯಾದ ಉತ್ತರ ಬಂದದ್ದು 120ರಲ್ಲಿ ಬರೀ 3ಕ್ಕೆ!

ಇದೇಕೆ ಹೀಗೆ? ತಟ್ಟುವವನ ತಲೆಯೊಳಗೆ ಹಾಡು ರಾಗದೊಡನೆ, ಮಾತಿನೊಡನೆ ಓಡುತ್ತಿರುತ್ತದೆ. ಕೇಳುವವನಿಗೆ ಸಿಗುವುದು ಬರೀ ‘ಟಕ್ ಟಕ್’. ತನ್ನ ತಲೆಯೊಳಗಿನ ಹಾಡನ್ನು ಸ್ವಲ್ಪ ಹೊತ್ತು ಆಚೆಗಿಟ್ಟು ಕೇಳೋಣವೆಂದರೆ ತಟ್ಟುವವನಿಂದ ಆಗುವುದಿಲ್ಲ.

ನಮ್ಮ ಹುಡುಗಿಗೆ ಆದದ್ದೂ ಇದೇ. ಅವಳು ಹೆಜ್ಜಾರ್ಲೆಯನ್ನು ಕೆರೆಯಲ್ಲಿ ಎಷ್ಟೋ ಸಲ ನೋಡಿದ್ದಾಳೆ. ಯಾವ ಗೆರೆ ಕೊಕ್ಕು, ಯಾವುದು ಚೀಲ ಎಂದು ಬರೆದವಳಿಗೆ ಗೊತ್ತು. ನನಗೂ ಗೊತ್ತಿತ್ತು, ಏಕೆಂದರೆ ಆಟದ ಕಥೆ ಕೇಳಿದ್ದೆ. ನಾಲ್ಕನೇ ತರಗತಿಯ ಹುಡುಗನಿಗೂ ಅಡುಗೆ ಅಮ್ಮನಿಗೂ ಸಿಕ್ಕಿದ್ದು ಗೆರೆಗಳಷ್ಟೇ. ನಮ್ಮಲ್ಲಿ ಆ ಚಿತ್ರವನ್ನು ಸರಿಯಾಗಿ ನೋಡಲು ಸಾಧ್ಯವಿದ್ದವರು ಅವರಿಬ್ಬರೇ ಎಂದು ನಿಧಾನವಾಗಿ ಅರ್ಥವಾಯಿತು.

ಹಾಗಾದರೆ ನೋಡಿದವರ ಮಾತನ್ನು ಪಡೆಯುವುದು ಹೇಗೆ? ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ‘ಹಿಮ್ಮಾಹಿತಿ’ ಎಂಬ ಭಾರದ ಪದವಿದೆ. ಪದ ಭಾರವಾದರೂ ಕೆಲಸ ಸುಲಭವೆಂದುಕೊಂಡು ನಾನು ಹೊರಟೆ. ಮೊದಲ ಹೆಜ್ಜೆಯಲ್ಲೇ ಎಡವಿದೆ.

‘ಚೆನ್ನಾಗಿದೆಯಾ?’ ಎಂದು ಕೇಳಿದರೆ

ಹುಡುಗಿಗೆ ಸಹಾಯವಾಗಲೆಂದು ನಾನೂ ಒಂದು ಲಾಂಛನ ಬರೆದೆ. ಅವಳದ್ದು, ಅವಳ ಜೊತೆಗಾರರದ್ದು, ನನ್ನದು, ಹೀಗೆ ನಾಲ್ಕನ್ನೂ ಕಪ್ಪು ಹಲಗೆಗೆ ಅಂಟಿಸಿ, “ಯಾವುದು ಚೆನ್ನಾಗಿದೆ?” ಎಂದು ಆರನೇ ತರಗತಿಯವರನ್ನು ಕೇಳಿದೆ. ನನ್ನ ಚಿತ್ರಕ್ಕೆ ಕೈಗಳು ಪಟಪಟನೆ ಎದ್ದವು. ಹೆಮ್ಮೆಯಾಯಿತು. ಮರುದಿನ ಐದನೇ ತರಗತಿಯವರಿಗೆ, ಯಾರು ಬರೆದದ್ದೆಂದು ಹೇಳದೆ, ಒಂದೊಂದೇ ಚಿತ್ರ ತೋರಿಸಿ ಚೀಟಿಯಲ್ಲಿ ಬರೆಯಿಸಿದೆ. ನನ್ನ ಚಿತ್ರವನ್ನು ಹಕ್ಕಿ ಎಂದವರು ಇಬ್ಬರೇ. ಉಳಿದವರಿಗೆ ಅದು ಸೌಟು, ಬಕೆಟ್ಟು, ತಿರುಗುಬಾಣಲೆ ಏನೇನೋ ಆಗಿತ್ತು. ‘ತಿರುಗುಬಾಣಲೆ’ ಎಂದರೇನೆಂದು ಬರೆದವನನ್ನೇ ಕೇಳಿದೆ, ಅವನಿಗೂ ಗೊತ್ತಿರಲಿಲ್ಲ!

ಎರಡು ದಿನಗಳ ನಡುವೆ ಏನು ಬದಲಾಯಿತು? ಮೊದಲನೆಯ ದಿನ ಮಕ್ಕಳು ಚಿತ್ರಕ್ಕೆ ಉತ್ತರ ಕೊಡಲಿಲ್ಲ, ಮೇಷ್ಟ್ರಿಗೆ ಕೊಟ್ಟರು. ಮೇಲಾಗಿ, ಮುಂದಿನ ಬೆಂಚಿನವರು ಕೈ ಎತ್ತಿದ್ದನ್ನು ನೋಡಿ ಹಿಂದಿನವರೂ ಎತ್ತಿದರು. ‘ಚೆನ್ನಾಗಿದೆಯಾ?’ ಎಂಬ ಪ್ರಶ್ನೆಯಲ್ಲೇ ‘ಹೌದು ಅನ್ನು’ ಎಂಬ ಒತ್ತಾಯ ಅಡಗಿದೆ. ನೆಂಟರ ಮನೆಯಲ್ಲಿ ಉಪ್ಪಿಟ್ಟು ತಿಂದ ಮೇಲೆ ಯಾರಾದರೂ ‘ಚೆನ್ನಾಗಿಲ್ಲ’ ಎನ್ನುತ್ತಾರೆಯೇ?

ಅಂದಿನಿಂದ ನಮ್ಮ ತಂಡ ಒಂದು ಕಟ್ಟುಪಾಡು ಮಾಡಿಕೊಂಡಿತು. ನೋಡುವವರನ್ನು ಒಬ್ಬೊಬ್ಬರನ್ನಾಗಿ ಕರೆಯುವುದು. ಚಿತ್ರವನ್ನು ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ತೋರಿಸಿ ಮಗುಚುವುದು. ‘ಏನು ಕಾಣಿಸಿತು?’ ಎಂದಷ್ಟೇ ಕೇಳುವುದು. ಆಮೇಲೆ, ‘ಇದು ಒಂದು ಆಟದ ಗುರುತು. ಯಾವ ಆಟ ಇರಬಹುದು?’ ಎಂದು ಕೇಳುವುದು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು. ಎಲ್ಲಕ್ಕಿಂತ ಕಷ್ಟದ್ದು, ಬರೆದವರು ಬಾಯಿ ಬಿಡಬಾರದು. ‘ಅದು ಚಪ್ಪಲಿ ಅಲ್ಲ, ಕೊಕ್ಕು’ ಎಂದು ಒಮ್ಮೆ ವಿವರಿಸಿದರೆ ಆ ನೋಡುಗ ನಮಗೆ ನಷ್ಟವಾದಂತೆಯೇ. ಅವನ ತಲೆಯೊಳಗೂ ಹಾಡು ಸೇರಿಬಿಟ್ಟಿತು! ಮೇಳದಲ್ಲಿ ಪ್ರತಿಯೊಬ್ಬರ ಪಕ್ಕ ನಿಂತು ವಿವರಿಸಲು ನಾವು ಇರುತ್ತೇವೆಯೇ?

ಹುಡುಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂರುತ್ತಿದ್ದಳು. ನಗು ತಡೆಯಲೋ ಅಳು ತಡೆಯಲೋ ನಾನು ಕೇಳಲಿಲ್ಲ.

ಮೈಸೂರಿನ ಹಳೆಯ ಆಟದೆಲೆಗಳು

ಚಿಕ್ಕ ಗುರುತೊಂದನ್ನು ಥಟ್ಟನೆ ಗುರುತಿಸುವಂತೆ ಬರೆಯುವ ವಿದ್ಯೆ ಮೈಸೂರಿಗೆ ಹೊಸದಲ್ಲ. ಗಂಜೀಫ ಎಂಬ ದುಂಡನೆಯ ಆಟದೆಲೆಗಳನ್ನು ನೋಡಿದ್ದೀರಾ? ಕೈಯಿಂದಲೇ ಬಣ್ಣ ಹಾಕಿ ತಯಾರಿಸಿದ ಎಲೆಗಳವು. ಬಾಬರನ ಆತ್ಮಕಥೆಯಲ್ಲಿ 1527ರ ಹೊತ್ತಿಗೇ ಇವುಗಳ ಪ್ರಸ್ತಾಪ ಬರುತ್ತದೆ. ಮೊಗಲರ ಕಾಲದ ಕಟ್ಟಿನಲ್ಲಿ 8 ಗುಂಪು, ಗುಂಪಿಗೆ 12ರಂತೆ 96 ಎಲೆ. ದಶಾವತಾರದ ಕಟ್ಟಿನಲ್ಲಿ 10 ಗುಂಪು, 120 ಎಲೆ. ಪ್ರತಿ ಗುಂಪಿನಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ 1ರಿಂದ 10ರವರೆಗಿನ ಎಲೆಗಳು. ಪ್ರತಿ ಗುಂಪಿಗೂ ಒಂದು ಗುರುತು. ಮತ್ಸ್ಯಾವತಾರಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ಹೀಗೆ.

ಕುಕ್ಕರಹಳ್ಳಿ ಕೆರೆ ಕಟ್ಟಿಸಿದರಲ್ಲ, ಅದೇ ಮುಮ್ಮಡಿಯವರಿಗೆ ಆಟಗಳೆಂದರೆ ಬಲು ಪ್ರೀತಿ. ಇಸ್ಪೀಟಿನಂಥ ಹೊಸ ಹೊಸ ಆಟಗಳನ್ನೇ ಅವರು ರೂಪಿಸಿದರು. ಅವುಗಳಿಗೆ ‘ಛದ’ ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ನಾವೂ ‘ಇಸ್ಪೀಟೆಲೆ’ ಎನ್ನುತ್ತೇವಲ್ಲ! ಅವರ ‘ಶ್ರೀತತ್ತ್ವನಿಧಿ’ ಎಂಬ ದೊಡ್ಡ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಇವುಗಳ ವಿವರಣೆಯಿದೆ. ಕೆಲವು ಕಟ್ಟುಗಳಲ್ಲಿ 18 ಗುಂಪುಗಳವರೆಗೆ, 360 ಎಲೆಗಳವರೆಗೆ ಇದ್ದವಂತೆ. ಅಷ್ಟು ಗುರುತುಗಳನ್ನು ಒಂದರಂತೆ ಇನ್ನೊಂದು ಕಾಣದ ಹಾಗೆ ಬರೆಯುವುದೆಂದರೆ ಸಾಮಾನ್ಯವೇ? 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಹಾಸುಗಳ ಚಿತ್ರಗಳಿವೆ. ಮೈಸೂರಿನ ಗಂಜೀಫ ಎಲೆಗಳಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕಲಾವಿದ ರಘುಪತಿ ಭಟ್ಟರು ಈ ಕಲೆಯನ್ನು ಉಳಿಸಿ ಬೆಳೆಸಿದವರಲ್ಲಿ ಪ್ರಮುಖರು.

ದಶಾವತಾರ ಗಂಜೀಫದ ಚಿತ್ರಗಳನ್ನು ನಮ್ಮ ತಂಡಕ್ಕೆ ತೋರಿಸಿದೆ. ನಾನೇನೂ ಹೇಳಲಿಲ್ಲ, ಅವರೇ ಕಂಡುಕೊಂಡರು. ಮೀನಿನ ಹತ್ತನೆಯ ಎಲೆಯಲ್ಲಿ ಹತ್ತು ಮೀನುಗಳಿರಬೇಕು. ಅಂಗೈಯೊಳಗೆ ಅಡಗುವ ಎಲೆಯಲ್ಲಿ ಹತ್ತು ಮೀನೆಂದರೆ ಒಂದೊಂದೂ ಹುಣಸೆ ಬೀಜದಷ್ಟೇ ಆದೀತು. ಎಲೆ ದುಂಡಗಿರುವುದರಿಂದ ಕೈಯಲ್ಲಿ ಹೇಗೆ ಬೇಕಾದರೂ ತಿರುಗಬಹುದು, ಮೀನು ತಲೆಕೆಳಗಾದರೂ ಮೀನೇ ಅನಿಸಬೇಕು. 96 ಎಲೆಗಳನ್ನು ಮೂವರು ಹಂಚಿಕೊಂಡರೆ ಒಬ್ಬನ ಕೈಗೆ 32. ಅವನ್ನು ಬೀಸಣಿಗೆಯಂತೆ ಹಿಡಿದಾಗ ಪ್ರತಿ ಎಲೆಯ ಅಂಚಷ್ಟೇ ಕಾಣುತ್ತದೆ. ಅದಕ್ಕೇ ಗುಂಪಿಗೊಂದು ಗುರುತಷ್ಟೇ ಅಲ್ಲ, ಗುಂಪಿಗೊಂದು ಹಿನ್ನೆಲೆಯ ಬಣ್ಣವೂ ಇದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹುಡುಗಿ ಬಹಳ ಹೊತ್ತು ಮೀನನ್ನೇ ನೋಡುತ್ತಿದ್ದಳು. “ಸಾರ್, ಒಂದು ಕಣ್ಣು, ಎರಡು ರೆಕ್ಕೆ, ಒಂದು ಬಾಲ. ಅಷ್ಟೇ ಇರೋದು. ನಾನು ನಲವತ್ತು ಗರಿ ಬರ್ದಿದೀನಿ” ಎಂದಳು.

ಮೊಬೈಲ್ ಇಲ್ಲದೆ ಮೊಬೈಲಿನ ಪರೀಕ್ಷೆ

ಈಗ ಸ್ವಲ್ಪ ಗಣಿತ. ಮೊಬೈಲಿನ ಪರದೆಯ ಮೇಲೆ ಆಟದ ಗುರುತು ಸುಮಾರು 1 ಸೆಂ.ಮೀ. ಅಗಲ ಇರುತ್ತದೆ. ಅದನ್ನು ನಾವು ಸುಮಾರು 30 ಸೆಂ.ಮೀ. ದೂರದಲ್ಲಿ ಹಿಡಿದು ನೋಡುತ್ತೇವೆ. ವಸ್ತು ಹತ್ತು ಪಟ್ಟು ದೊಡ್ಡದಾಗಿ, ದೂರವೂ ಹತ್ತು ಪಟ್ಟು ಹೆಚ್ಚಾದರೆ ಕಣ್ಣಿನಲ್ಲಿ ಮೂಡುವ ಬಿಂಬದ ಗಾತ್ರ ಬದಲಾಗುವುದಿಲ್ಲ. ಅಂದರೆ 10 ಸೆಂ.ಮೀ. ಅಗಲದ ಚಿತ್ರವನ್ನು 3 ಮೀಟರ್ ದೂರದಿಂದ ನೋಡುವುದೂ, 1 ಸೆಂ.ಮೀ. ಚಿತ್ರವನ್ನು ಮೊಬೈಲಿನಲ್ಲಿ ನೋಡುವುದೂ ಒಂದೇ. ಹಾಗಾಗಿ ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಅಳತೆಪಟ್ಟಿ, ಒಂದು ಗೋಡೆ ಸಾಕು.

ನಮ್ಮ ಕಣ್ಣಿಗೂ ಒಂದು ಮಿತಿಯಿದೆ. ಒಂದು ಬಿಳಿ ಹಾಳೆಯ ಮೇಲೆ 1 ಮಿ.ಮೀ. ಅಂತರ ಬಿಟ್ಟು 1 ಮಿ.ಮೀ. ದಪ್ಪದ ಎರಡು ಕಪ್ಪು ಗೆರೆ ಎಳೆಯಿರಿ. ಗೋಡೆಗೆ ಅಂಟಿಸಿ ಹಿಂದಕ್ಕೆ ನಡೆಯುತ್ತ ಹೋಗಿ. ಸುಮಾರು ಮೂರೂವರೆ ಮೀಟರ್ ದಾಟುವಾಗ ಎರಡೂ ಸೇರಿ ಒಂದೇ ಗೆರೆಯಾಗಿಬಿಡುತ್ತವೆ. ಕಣ್ಣಿನ ತಪಾಸಣೆಗೆ ಬಂದವರು ಗೋಡೆಗೆ ತೂಗುಹಾಕುವ ಅಕ್ಷರದ ಪಟ ನೆನಪಿದೆಯೇ? ಹಾಲೆಂಡಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲ್ಲನ್ 1862ರಲ್ಲಿ ಅದನ್ನು ರೂಪಿಸಿದ್ದು ಇದೇ ಲೆಕ್ಕದ ಮೇಲೆ. 6 ಮೀಟರ್ ದೂರದಿಂದ ಓದಬೇಕಾದ ಅಕ್ಷರದ ಎತ್ತರ ಸುಮಾರು 8.7 ಮಿ.ಮೀ.

(ಈ ಪರೀಕ್ಷೆಯಲ್ಲಿ ನಿಮ್ಮ ಗೆಳೆಯನಿಗೆ ಎರಡು ಮೀಟರಿಗೇ ಗೆರೆಗಳು ಕಲೆತುಹೋದರೆ ನಗಬೇಡಿ, ಮೇಷ್ಟ್ರಿಗೆ ಹೇಳಿ. ಕನ್ನಡಕ ಬೇಕಾಗಿರಬಹುದು.)

ನಮ್ಮ ಚಿತ್ರವನ್ನು 3 ಮೀಟರ್ ದೂರದಲ್ಲಿಟ್ಟು ನೋಡಿದೆವು. ಒತ್ತೊತ್ತಾಗಿ ಬರೆದ ಗರಿಗಳೆಲ್ಲ ಸೇರಿ ಬೂದು ಮಚ್ಚೆಯಾಗಿದ್ದವು. ಅಲೆ, ಮರ ಎರಡೂ ಗಾಯಬ್. ಉಳಿದದ್ದು ಉದ್ದನೆಯ ಕೊಕ್ಕು ಮಾತ್ರ, ಅದರ ನಡುವೆ ಅಡ್ಡಲಾಗಿ ಪ್ಲಾಸ್ಟಿಕ್ ಚೀಲದ ಹಿಡಿಕೆ. ಹುಡುಗಿ ಅಲ್ಲಿಂದಲೇ ಕೂಗಿದಳು: “ಅಯ್ಯೋ ಸಾರ್, ನಿಜವಾಗ್ಲೂ ಚಪ್ಪಲೀನೇ!”

ಆ ಹೊತ್ತಿಗೆ ಎಲ್ಲರಿಂದಲೂ ಸಲಹೆಗಳು ಬರತೊಡಗಿದ್ದವು. ಸೂರ್ಯನನ್ನು ಹಾಕಿ, ಬಾವುಟ ಹಾಕಿ, ಸುತ್ತ ಹೂಬಳ್ಳಿ ಹಾಕಿ. ಮುಖ್ಯೋಪಾಧ್ಯಾಯಿನಿಯವರು ಸುತ್ತಲೂ ಶಾಲೆಯ ಹೆಸರು ಬರಲಿ ಎಂದರು. ಅವರ ಮಾತನ್ನು ತೆಗೆದುಹಾಕುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ. ಹೆಸರು ಬರೆದು 3 ಮೀಟರ್ ದೂರದಲ್ಲಿಟ್ಟು ಅವರನ್ನೇ ಕರೆದೆವು. ಕಣ್ಣು ಕಿರಿದು ಮಾಡಿ ನೋಡಿದರು, ಓದಲಾಗಲಿಲ್ಲ. “ತೆಗೆದುಬಿಡಿ” ಎಂದು ನಗುತ್ತ ಹೋದರು. ನೋಡಿದವರಿಗೆ ಏನು ಕಂಡಿತು ಎನ್ನುವುದು ಬೇರೆ, ಅವರು ಏನು ಮಾಡಿ ಎನ್ನುತ್ತಾರೆ ಎನ್ನುವುದು ಬೇರೆ. ಮೊದಲನೆಯದು ವೀಕ್ಷಣೆ, ಅದರಲ್ಲಿ ವಾದಕ್ಕೆ ಜಾಗವಿಲ್ಲ, ಬರೆದುಕೊಳ್ಳಲೇಬೇಕು. ಎರಡನೆಯದು ಅಭಿಪ್ರಾಯ. ಒಪ್ಪಬಹುದು, ಬಿಡಬಹುದು, ಸಾಧ್ಯವಾದರೆ ಪರೀಕ್ಷಿಸಿ ನೋಡಬಹುದು.

256 ಚೌಕಗಳು

ಮುಂದೆ ಗಣಿತದ ಚೌಕಳಿ ಪುಸ್ತಕ ಹೊರಬಂತು. ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಚೌಕ. ಒಂದು ಚೌಕವನ್ನು ಪೂರ್ತಿ ತುಂಬಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಅರ್ಧ ತುಂಬುವಂತಿಲ್ಲ. ಪರದೆಯ ಮೇಲಿನ ಚಿತ್ರಗಳೆಲ್ಲ ಇಂಥ ಪುಟ್ಟ ಚೌಕಗಳಿಂದಲೇ ಆಗಿರುತ್ತವೆ. ಒಂದೊಂದು ಚೌಕಕ್ಕೂ ಪಿಕ್ಸೆಲ್ ಎಂದು ಹೆಸರು.

ಹಳೆಯ ವಿಡಿಯೋ ಆಟಗಳಲ್ಲಿ ಚೌಕಗಳಿಗೆ ಬಹಳ ಬರ. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ಎಂಬ ಆಟಕ್ಕೆ ಒಬ್ಬ ನಾಯಕನನ್ನು ಬರೆಯಬೇಕಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಬಾಯಿ ಬರೆಯಲು ಆಗಲಿಲ್ಲ, ಹಾಗಾಗಿ ಮೀಸೆ ಬರೆದರು. ಕೂದಲು ಬರೆಯುವುದು ಕಷ್ಟ, ಟೋಪಿ ಹಾಕಿದರು. ಕೈ ಬೀಸುವುದು ಕಾಣಲೆಂದು ಅಂಗಿಗೂ ಮೇಲುಡುಪಿಗೂ ಬೇರೆ ಬೇರೆ ಬಣ್ಣ ಕೊಟ್ಟರು. ಅವನೇ ಮುಂದೆ ಲೋಕಪ್ರಸಿದ್ಧನಾದ ಮಾರಿಯೋ.

ನಮ್ಮವರು ಆರು ಹಾಳೆ ಕೆಡಿಸಿದರು. ಏಳನೆಯದರಲ್ಲಿ ಕೊಕ್ಕು ಓರೆಯಾಗಿ ಕೆಳಕ್ಕಿಳಿಯಿತು, ಅದರ ಕೆಳಗಿನ ಚೀಲ ಅರ್ಧಚಂದ್ರದಂತೆ ಉಬ್ಬಿತು. ಕೊರಳು ‘ಎಸ್’ ಅಕ್ಷರದ ಹಾಗೆ ಬಳುಕಿತು, ಕಣ್ಣಿಗೆ ಒಂದೇ ಚೌಕ ಖಾಲಿ ಬಿಟ್ಟರು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ನಮ್ಮ ಇನ್ನೊಂದು ಕಟ್ಟುಪಾಡು. ಕೊಕ್ಕನ್ನೂ ಕೊರಳನ್ನೂ ಒಟ್ಟಿಗೆ ಬದಲಿಸಿದರೆ, ಚಿತ್ರ ಸುಧಾರಿಸಿದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ? ಬೀಜ ಮೊಳೆಯುವ ಪ್ರಯೋಗದಲ್ಲಿ ನೀರನ್ನೂ ಬೆಳಕನ್ನೂ ಒಟ್ಟಿಗೆ ಬದಲಿಸಬಾರದು ಎಂದು ಕಲಿತಿದ್ದೀರಲ್ಲ, ಹಾಗೆ.

ಪ್ರತಿ ಸಲವೂ ಹಿಂದೆ ನೋಡಿರದ ಕಣ್ಣುಗಳು ಬೇಕು. ಮೂರನೇ ಸುತ್ತಿನ ಹೊತ್ತಿಗೆ ಶಾಲೆಯಲ್ಲಿ ಹೊಸ ಕಣ್ಣುಗಳೇ ಮುಗಿದುಹೋಗಿದ್ದವು! ಎಸ್.ಡಿ.ಎಂ.ಸಿ. ಸಭೆಗೆ ಬಂದ ತಂದೆತಾಯಂದಿರನ್ನು ಬಾಗಿಲಲ್ಲೇ ಹಿಡಿದೆವು. ‘ಕೊಕ್ಕರೆ’ ಎಂದರು ಹಲವರು, ‘ಕುಕ್ಕರಹಳ್ಳಿ ಹಕ್ಕಿ’ ಎಂದರು ಕೆಲವರು. ಹುಡುಗಿ ಕರವಸ್ತ್ರ ತೆಗೆದಳು.

ಹಿಂದಿನ ಬೆಂಚಿನ ಉತ್ತರ

ಆಕಾರ ಸಿಕ್ಕಿತು. ಇನ್ನು ಬಣ್ಣ. ಕೆರೆಯ ನೀರಿಗೆ ಹಸಿರು, ಕೊಕ್ಕಿನಲ್ಲಿರುವ ಪ್ಲಾಸ್ಟಿಕ್ ಚೀಲಕ್ಕೆ ಕೆಂಪು. ನೋಡಿದವರೆಲ್ಲ ‘ಹಕ್ಕಿ ಕೆಂಪು ಚೀಲ ಕಚ್ಚಿದೆ’ ಎಂದು ಬರೆದರು, ಒಬ್ಬನನ್ನು ಬಿಟ್ಟು. ಆರನೇ ತರಗತಿಯ ಹಿಂದಿನ ಬೆಂಚಿನ ಹುಡುಗ ಬರೆದದ್ದು ‘ಹಕ್ಕಿ’ ಎಂದಷ್ಟೇ. ಹತ್ತಿರ ಕರೆದು ಇನ್ನೊಮ್ಮೆ ತೋರಿಸಿದೆವು. “ಹಕ್ಕಿ ಸಾರ್. ಬೇರೇನೂ ಇಲ್ವಲ್ಲ” ಎಂದ. ಉಳಿದವರು ಗೊಳ್ಳೆಂದರು.

ಎಲ್ಲರನ್ನೂ ಕಳಿಸಿ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಿದೆ. ಕ್ರೇಯಾನಿನ ಸುತ್ತಿನ ಕಾಗದ ಹರಿದುಹೋದರೆ ಯಾವುದು ಯಾವ ಬಣ್ಣವೆಂದು ಪಕ್ಕದವನನ್ನು ಕೇಳುತ್ತೇನೆ ಎಂದ. ಮಾಗಿದ ಟೊಮೇಟೊವನ್ನು ಮುಟ್ಟಿ ನೋಡಿ ಹೇಳುತ್ತೇನೆ ಎಂದ. ಆಗ ನನಗೆ ನೆನಪಾಯಿತು. ಹಿಂದಿನ ತಿಂಗಳು ಕರ್ನಾಟಕದ ನಕ್ಷೆಯಲ್ಲಿ ಕಾಡಿಗೆ ಹಸಿರು ತುಂಬಲು ಹೇಳಿದಾಗ ಅವನು ಕಂದು ತುಂಬಿದ್ದ. ‘ಗಮನವಿಟ್ಟು ಮಾಡು’ ಎಂದು ಬರೆದು, ಪುಟದ ಉದ್ದಕ್ಕೂ ಗೀಟು ಹಾಕಿದ್ದೆ. ಅದೂ ಕೆಂಪು ಶಾಯಿಯಲ್ಲಿ.

ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದಲ್ಲಿ ಬಣ್ಣವನ್ನು ಗುರುತಿಸಲೆಂದೇ ಶಂಕುಕೋಶಗಳಿವೆ. ಅವುಗಳಲ್ಲಿ ಮೂರು ಬಗೆ. ಕೆಲವರಲ್ಲಿ ಹುಟ್ಟಿನಿಂದಲೇ ಇವುಗಳಲ್ಲಿ ಒಂದು ಬಗೆ ಇರುವುದಿಲ್ಲ, ಅಥವಾ ಇದ್ದರೂ ಬೇರೆ ರೀತಿ ಕೆಲಸ ಮಾಡುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಕೆಂಪು, ಹಸಿರು, ಕಂದು ಬಣ್ಣಗಳು ಒಂದರಂತೆ ಒಂದು ಕಾಣುತ್ತವೆ. ಇದಕ್ಕೆ ವರ್ಣಾಂಧತೆ ಎನ್ನುತ್ತಾರೆ. ಹೆಸರು ಹೆದರಿಸುತ್ತದೆ, ಆದರೆ ಇವರೇನೂ ಕುರುಡರಲ್ಲ. ಹೆಚ್ಚಿನವರಿಗೆ ನೀಲಿ, ಹಳದಿ ಚೆನ್ನಾಗಿಯೇ ಕಾಣುತ್ತವೆ. ಇದು ಗಂಡುಮಕ್ಕಳಲ್ಲಿ ಹೆಚ್ಚು. ಯೂರೋಪಿನ ಮೂಲದವರಲ್ಲಿ 100 ಗಂಡಸರಿಗೆ ಸುಮಾರು 8 ಮಂದಿಗೆ, 200 ಹೆಂಗಸರಿಗೆ ಸುಮಾರು ಒಬ್ಬರಿಗೆ ಇರುತ್ತದೆ. ನಮ್ಮ ದೇಶದಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ. ಆದರೂ ದೊಡ್ಡ ಶಾಲೆಯಲ್ಲಿ ಒಬ್ಬಿಬ್ಬರಾದರೂ ಇರುವುದು ಸಹಜ. ಎಷ್ಟೋ ಮಂದಿಗೆ ತಮಗೆ ಹೀಗಿದೆ ಎಂಬುದೇ ಗೊತ್ತಿರುವುದಿಲ್ಲ, ಏಕೆಂದರೆ ಬೇರೆಯವರ ಕಣ್ಣಿನಿಂದ ಅವರು ನೋಡಿಲ್ಲವಲ್ಲ. ಜಪಾನಿನ ವೈದ್ಯ ಶಿನೊಬು ಇಷಿಹಾರ 1917ರಲ್ಲಿ ಪ್ರಕಟಿಸಿದ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪಟಗಳಿಂದ ಕಣ್ಣಿನ ವೈದ್ಯರು ಇದನ್ನು ಪರೀಕ್ಷಿಸುತ್ತಾರೆ. ಆ ಹುಡುಗನ ಅಪ್ಪ ಅವನನ್ನು ವೈದ್ಯರ ಬಳಿ ಕರೆದೊಯ್ದರು. ಪಟ ತೋರಿಸಿದ ವೈದ್ಯರು ವರ್ಣಾಂಧತೆ ಎಂದೇ ಹೇಳಿದರು. ಇದಕ್ಕೆ ಔಷಧಿ ಬೇಕಿಲ್ಲ, ಶಾಲೆಯಲ್ಲಿ ತಿಳಿಸಿ ಎಂದರಂತೆ. ನಕ್ಷೆಯ ಪುಟವನ್ನು ನಾನು ಮತ್ತೆ ತಿದ್ದಿದೆ.

ನಮ್ಮ ಲಾಂಛನವನ್ನು ಅಂಗಡಿಯಲ್ಲಿ ಕಪ್ಪು ಬಿಳುಪಿನ ಜೆರಾಕ್ಸ್ ಮಾಡಿಸಿದೆವು. ಹಸಿರು ನೀರು, ಕೆಂಪು ಚೀಲ ಎರಡೂ ಒಂದೇ ಬೂದು! ಚೀಲದ ಹಿಡಿಕೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು, ನಮಗೂ ತಿಳಿಯಲಿಲ್ಲ. ಎರಡು ಬಣ್ಣಗಳಲ್ಲಿ ಒಂದು ಗಾಢ, ಇನ್ನೊಂದು ತಿಳಿ ಇದ್ದರೆ ಎಲ್ಲ ಕಣ್ಣಿಗೂ ಬೇರೆ ಬೇರೆಯಾಗಿ ಕಾಣುತ್ತವೆ. ಗಂಜೀಫದ ಎಲೆ ನೆನಪಿಸಿಕೊಳ್ಳಿ. ಅಲ್ಲಿ ಬಣ್ಣ ತಿಳಿಯದವನಿಗೆ ಗುರುತಿದೆ, ಗುರುತು ಮರೆಯಾದರೆ ಬಣ್ಣವಿದೆ. ರಸ್ತೆಯ ಸಿಗ್ನಲ್ ದೀಪದಲ್ಲೂ ಕೆಂಪು ಯಾವಾಗಲೂ ಮೇಲೆ, ಹಸಿರು ಕೆಳಗೆ.

ಹೊಸ ಬಣ್ಣ ಆರಿಸುವ ಕೆಲಸವನ್ನು ತಂಡ ಆ ಹುಡುಗನಿಗೇ ಒಪ್ಪಿಸಿತು. ಅವನು ಕ್ರೇಯಾನುಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡು, ಎರಡೆರಡನ್ನು ಪಕ್ಕಪಕ್ಕದಲ್ಲಿ ತೀಡಿ, 3 ಮೀಟರ್ ಹಿಂದಕ್ಕೆ ಹೋಗಿ ನೋಡಿ ಬರುತ್ತಿದ್ದ. ಒಂದು ಮಧ್ಯಾಹ್ನವೆಲ್ಲ ಹೀಗೆ ಓಡಾಡಿದ. ಕೊನೆಗೆ ಕಡುನೀಲಿ ನೀರು, ಬಿಳಿ ಹಕ್ಕಿ, ಹಳದಿ ಚೀಲ ಎಂದು ತೀರ್ಮಾನವಾಯಿತು. ಹುಡುಗಿ ಅದನ್ನು ಬಣ್ಣ ತುಂಬಿ ತಂದು ಅವನ ಮುಂದೆ ಐದು ಎಣಿಸುವಷ್ಟು ಹೊತ್ತು ಹಿಡಿದಳು, ಮಗುಚಿದಳು, ಏನೂ ಹೇಳದೆ ಕಾದಳು.

“ಹೆಜ್ಜಾರ್ಲೆ. ಬಾಯಲ್ಲಿ ಚೀಲ. ಆದ್ರೆ ಅಕ್ಕ, ಹಿಡಿಕೆ ಇನ್ನೂ ಸ್ವಲ್ಪ ದಪ್ಪ ಮಾಡು” ಎಂದ.

ಅವಳು ರಬ್ಬರ್ ತೆಗೆದುಕೊಂಡಳು.